ಮಾವನ ಕೇಪಿನ ಕೋವಿ, ನಮ್ಮ ಅಮೆರಿಕನ್ ಡಿಬೇಟು

ಹಾಸ್ಟೆಲಲ್ಲಿ ಗನ್ ಕಾನೂನಿನ ಮಾತು ಬಂದರೆ ನಾವೆಲ್ಲ ಐದೇ ನಿಮಿಷಕ್ಕೆ ಅಮೆರಿಕ ತಲುಪಿರ್ತೀವಿ. ಒಬ್ಬ ಸೆಕೆಂಡ್ ಅಮೆಂಡ್‌ಮೆಂಟ್ ಅಂತಾನೆ, ಇನ್ನೊಬ್ಬ ಸ್ಕೂಲ್ ಶೂಟಿಂಗ್ ಅಂತಾನೆ. ಗನ್ ಜಾಸ್ತಿಯಾದರೆ ಕ್ರೈಮ್ ಇಳಿಯುತ್ತಾ, ಏರುತ್ತಾ ಅನ್ನೋದೇ ವಾದ. ನನ್ನ ಅಜ್ಜನ ಮನೆ ಇರೋದು ಸೊರಬ ತಾಲೂಕಿನ ಗುಡವಿಯಲ್ಲಿ. ನಿಮ್ಮಲ್ಲಿ ಕೆಲವರಾದರೂ ಪಕ್ಷಿಧಾಮ ನೋಡೋಕೆ ಬಂದಿರ್ತೀರಿ. ಅಲ್ಲಿ ಹೋಗಿ ಈ ಪ್ರಶ್ನೆ ಕೇಳಿದರೆ "ಕೋವಿಗೂ ಕ್ರೈಮಿಗೂ ಏನ್ ಸಂಬಂಧ ಮಾರಾಯ?" ಅಂತ ನಗ್ತಾರೆ.

ಅಲ್ಲಿ ಕೋವಿ ಇರೋದು ಕಳ್ಳರಿಗಲ್ಲ. ಭತ್ತಕ್ಕೆ ನುಗ್ಗೋ ಹಂದಿಗೆ, ತೋಟಕ್ಕೆ ಇಳಿಯೋ ಮಂಗಕ್ಕೆ. ಕಾಡುಹಂದಿ ಕೊಲ್ಲೋದು 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ. ಹಾಗಾಗಿ ಮಾವ ಮಾಡೋದು ಬರೀ ಸದ್ದು. ಅವರದು ಕೇಪಿನ ಕೋವಿ. ನಳಿಗೆಯ ಬಾಯಿಂದ ಮದ್ದು ಸುರಿದು, ಕಡ್ಡಿಯಲ್ಲಿ ಜಡಿದು, ಹಿಂದೆ ಕೇಪು ಇಟ್ಟು ಒಂದು ಈಡು ಹಾರಿಸಬೇಕು. ಎರಡನೇ ಈಡಿಗೆ ಮತ್ತೆ ಮೊದಲಿಂದ ಶುರು. ಇದನ್ನ ಹಿಡ್ಕೊಂಡು ಬ್ಯಾಂಕ್ ದರೋಡೆಗೆ ಹೋದರೆ ಎರಡನೇ ಈಡು ತುಂಬೋದರೊಳಗೆ ಕ್ಯಾಷಿಯರ್ ಊಟ ಮುಗಿಸಿ ಬಂದಿರ್ತಾರೆ.

1959ರ ಆಯುಧ ಕಾಯ್ದೆಗೂ ಈ ವ್ಯತ್ಯಾಸ ಗೊತ್ತು. ಅದರ 13ನೇ ಸೆಕ್ಷನ್‌ನಲ್ಲಿ ಬೆಳೆ ರಕ್ಷಣೆಗೆ ಬಾಯಿಂದ ಮದ್ದು ತುಂಬೋ ಕೋವಿ ಅಂತ ಬೇರೆಯಾಗಿಯೇ ಬರೆದಿದ್ದಾರೆ. ಕಾಯ್ದೆ ಬರೆದವರು ಗದ್ದೆ ನೋಡಿದವರು ಅನ್ನಿಸಿತು. ಅಂದಹಾಗೆ ಲೈಸನ್ಸಿಗೆ 21 ತುಂಬಿರಬೇಕು, ನನಗಿನ್ನೂ 19. ನನ್ನ ಸ್ವಾರ್ಥ ಇದರಲ್ಲಿ ಇಲ್ಲ.

ಹಾಗಾದರೆ ನಮ್ಮಲ್ಲಿ ಕೊಲೆ ಮಾಡೋ ಗನ್ ಯಾವುದು? 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿ, 2017ರ ಸೆಪ್ಟೆಂಬರ್ 5ರಂದು ಬೆಂಗಳೂರಲ್ಲಿ ಗೌರಿ ಲಂಕೇಶ್. ಇಬ್ಬರಿಗೂ ಹೊಡೆದದ್ದು ಒಂದೇ 7.65 ಎಂಎಂ ನಾಡ ಪಿಸ್ತೂಲು ಅಂತ ವಿಧಿವಿಜ್ಞಾನ ವರದಿ ಹೇಳಿತು. ಅಂಥ ಪಿಸ್ತೂಲಿಗೆ ಲೈಸನ್ಸೂ ಇಲ್ಲ, ರಿಜಿಸ್ಟರಲ್ಲಿ ನಂಬರೂ ಇಲ್ಲ. ಲೈಸನ್ಸ್ ನಿಯಮ ಎಷ್ಟು ಬಿಗಿ ಮಾಡಿದರೂ ಅದು ಬಿಗಿಯಾಗೋದು ರಿಜಿಸ್ಟರಲ್ಲಿ ಹೆಸರಿರೋ ಮಾವನಿಗೆ ಮಾತ್ರ.

ಇದರ ವರಾತ ಗೊತ್ತಾಗೋದು ಎಲೆಕ್ಷನ್ ಬಂದಾಗ. ನೀತಿಸಂಹಿತೆ ಬಂತು ಅಂದರೆ ಕೋವಿ ಸ್ಟೇಷನ್ನಿಗೆ ಒಪ್ಪಿಸಬೇಕು. 2024ರಲ್ಲಿ ಮಾರ್ಚ್ 16ಕ್ಕೆ ನೀತಿಸಂಹಿತೆ ಬಂತು, ಫಲಿತಾಂಶ ಬಂದದ್ದು ಜೂನ್ 4ಕ್ಕೆ. ಅಂದರೆ ಎರಡೂವರೆ ತಿಂಗಳ ಮೇಲೆ. ಸೊರಬದ ಕಡೆ ಅದು ಅನಾನಸ್ ಹಣ್ಣಾಗೋ ಸಮಯ, ಮಂಗಗಳಿಗೆ ಹಬ್ಬ. ವಾಪಸ್ ಬರುವಾಗ ಮಾವನ ಕೋವಿಗೆ ತುಕ್ಕು ಹಿಡಿದಿತ್ತು. ಚುನಾವಣಾ ಆಯೋಗ ಎಲ್ಲರದ್ದೂ ಕಿತ್ಕೊಳ್ಳಿ ಅಂತ ಹೇಳಿಲ್ಲ ಅನ್ನೋದೇ ಇಲ್ಲಿ ವಿಚಿತ್ರ. ಜಾಮೀನಿನ ಮೇಲಿರೋರು, ಹಿಂದೆ ಅಪರಾಧ ಮಾಡಿದೋರು, ಗಲಭೆಯಲ್ಲಿ ಇದ್ದೋರು – ಇಂಥವರನ್ನ ಗುರುತಿಸೋಕೆ ಜಿಲ್ಲಾಧಿಕಾರಿ ಮತ್ತು ಎಸ್ಪಿ ಇರೋ ಪರಿಶೀಲನಾ ಸಮಿತಿ ಇರಬೇಕು ಅಂತ ಅದರ ಸೂಚನೆ. ಒಬ್ಬೊಬ್ಬರ ಫೈಲ್ ನೋಡೋದು ಕಷ್ಟ, ಎಲ್ಲರಿಗೂ ನೋಟಿಸ್ ಕೊಡೋದು ಸುಲಭ.

ಇದನ್ನ ಕೇಳಿ ನನ್ನ ರೂಮ್‌ಮೇಟ್ "ಹಾಗಾದ್ರೆ ಎಲ್ಲರಿಗೂ ಗನ್ ಕೊಡಿ, ಕೊಡಗಿನಲ್ಲಿ ಇಲ್ವಾ?" ಅಂದ. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಲೈಸನ್ಸಿನಿಂದ ವಿನಾಯಿತಿ ಇರೋದು ನಿಜ. 2019ರಲ್ಲಿ ಕೇಂದ್ರ ಅದನ್ನ 2029ರವರೆಗೆ ಮುಂದುವರಿಸಿತು, 2021ರಲ್ಲಿ ಹೈಕೋರ್ಟೂ ಎತ್ತಿಹಿಡಿಯಿತು. ಆದರೆ ಅಲ್ಲಿ ಕೋವಿ ಅಂದರೆ ಕೈಲ್ ಪೊಳ್ದ್‌ನಲ್ಲಿ ಪೂಜೆಗಿಡೋ ವಸ್ತು, ತಲೆಮಾರುಗಳ ರೂಢಿ. ಅದನ್ನ ಬೆಂಗಳೂರಿನ ರೋಡ್ ರೇಜಿಗೆ ತಂದು ಅಂಟಿಸೋಕಾಗಲ್ಲ. ಹಾರ್ನ್ ಹೊಡೆದಿದ್ದಕ್ಕೆ ಕಾರಿಂದ ಇಳಿದು ಬರೋರ ಸೊಂಟದಲ್ಲಿ ಪಿಸ್ತೂಲಿದ್ದರೆ ಏನಾಗುತ್ತೆ ಯೋಚಿಸಿ. ಸೆಲ್ಫ್ ಡಿಫೆನ್ಸ್ ಹೆಸರಲ್ಲಿ ಸಿಟಿಯಲ್ಲಿ ಲೈಸನ್ಸ್ ಸಡಿಲ ಮಾಡೋದಕ್ಕೆ ನಾನಂತೂ ವಿರೋಧಿ.

ಮಾವನ ಕೋವಿಯೂ ಸಾಧು ಪ್ರಾಣಿ ಅಲ್ಲ. ರಾತ್ರಿ ಶಿಕಾರಿಗೆ ಹೋಗಿ, ಪೊದೆ ಅಲುಗಿತು ಅಂತ ಜೊತೆಗಾರನಿಗೇ ಈಡು ಹೊಡೆದ ಸುದ್ದಿ ಮಲೆನಾಡಿನ ಪೇಪರುಗಳಲ್ಲಿ ಆಗಾಗ ಬರುತ್ತೆ. ನಮ್ಮ ಕಡೆ ಲೈಸನ್ಸ್ ಇರೋ ಕೋವಿಯ ನಿಜವಾದ ಅಪಾಯ ಇದು. ಕ್ರೈಮ್ ರೇಟಿನ ಗ್ರಾಫಲ್ಲಿ ಇದು ಕಾಣಲ್ಲ. ಆದ್ದರಿಂದ ಕೇಳಬೇಕಾದ್ದನ್ನ ಕೇಳಲಿ: ಕೋವಿ ಎಲ್ಲಿ ಬೀಗ ಹಾಕಿ ಇಡ್ತೀಯ, ಮನೆಯ ಹುಡುಗರ ಕೈಗೆ ಸಿಗುತ್ತಾ, ಕಳೆದ ವರ್ಷ ಎಷ್ಟು ಮದ್ದು ಖರ್ಚಾಯ್ತು, ಯಾಕೆ? 2016ರ ಆಯುಧ ನಿಯಮಗಳಲ್ಲಿ ಸುರಕ್ಷತಾ ತರಬೇತಿ ಅಂತ ಇದೆ. ಆ ತರಬೇತಿ ಸೊರಬದಲ್ಲೇ, ಗದ್ದೆ ಕೆಲಸ ಇಲ್ಲದ ತಿಂಗಳಲ್ಲಿ, ಕನ್ನಡದಲ್ಲಿ ನಡೀಲಿ. ಮಾವ ಗೊಣಗ್ತಾನೇ ಹೋಗ್ತಾರೆ, ಆದರೆ ಹೋಗ್ತಾರೆ.

ಮುಂದಿನ ಎಲೆಕ್ಷನ್ ಹೊತ್ತಿಗೆ ಆ ಪರಿಶೀಲನಾ ಸಮಿತಿ ಒಂದು ಪಟ್ಟಿ ಮಾಡಲಿ, ಯಾರ ಕೋವಿ ಯಾಕೆ ಬೇಕು ಅಂತ ಹೆಸರಿನ ಮುಂದೆ ಕಾರಣ ಬರೀಲಿ. ಮಾವನ ಹೆಸರಿನ ಮುಂದೆ ಏನು ಬರೀತಾರೆ ನೋಡೋ ಕುತೂಹಲ ನನಗಿದೆ.