ನರಿಯನ್ನು ದೂರುವ ಮೊದಲು ಬಾತಿನ ಗೂಡು ನೋಡಿರಿ

ತೋಟದ ಕೆರೆಯಲ್ಲಿ ನಾಲ್ಕಾರು ಬಾತುಕೋಳಿ ಸಾಕುವ ಹವ್ಯಾಸ ನಮ್ಮ ಸಣ್ಣ ಬೆಳೆಗಾರರಲ್ಲಿ ಹಲವರಿಗಿದೆ. ಒಳ್ಳೆಯ ಹವ್ಯಾಸವೇ. ಮನೆಗೆ ಮೊಟ್ಟೆ, ಗಿಡಕ್ಕೆ ಗೊಬ್ಬರ. ಜೊತೆಗೆ ಮಳೆಗಾಲದಲ್ಲಿ ಕಾಫಿ, ಅಡಿಕೆ ಸಸಿಗಳನ್ನು ಕಾಡುವ ಬಸವನಹುಳುವಿನ ಮರಿಗಳನ್ನೂ ಅವು ಹೆಕ್ಕಿ ತಿನ್ನುತ್ತವೆ. ಆದರೆ ಸಂಜೆ ಆರು ಇದ್ದದ್ದು ಬೆಳಿಗ್ಗೆ ನಾಲ್ಕಾಯಿತು ಎಂಬ ದೂರು ಮಾತ್ರ ತಪ್ಪಿದ್ದಲ್ಲ. ಮರುದಿನವೇ ಬೇಲಿಯ ಕಂಡಿಗೆ ಉರುಲು, ಇಲ್ಲವೇ ವಿಷ ಬೆರೆಸಿದ ಮಾಂಸ. ಇದು ಸರಿಯಲ್ಲವೆಂದು ನಾವು ಸ್ಪಷ್ಟವಾಗಿ ಹೇಳಬಯಸುತ್ತೇವೆ. ತಪ್ಪು ನರಿಯದಲ್ಲ, ಮುಚ್ಚದೆ ಬಿಟ್ಟ ಬಾಗಿಲಿನದು.

ಕೋಳಿಗೆ ಕತ್ತಲಾದರೆ ಕಣ್ಣು ಕಾಣದು. ತಾನಾಗಿಯೇ ಗೂಡು ಸೇರುತ್ತದೆ. ಬಾತು ಹಾಗಲ್ಲ. ಮಬ್ಬು ಬೆಳಕಿನಲ್ಲೂ ಅದಕ್ಕೆ ಚೆನ್ನಾಗಿ ಕಾಣುತ್ತದೆ. ನಮ್ಮ ಸಾಕುಬಾತುಗಳಲ್ಲಿ ಹೆಚ್ಚಿನವು ಮ್ಯಾಲಾರ್ಡ್ ಎಂಬ ಕಾಡುಬಾತಿನ ಸಂತತಿ. ಕಾಡುಬಾತಿಗೆ ನೀರೇ ರಕ್ಷಣೆ. ಗುಂಪಿನ ಅಂಚಿನಲ್ಲಿ ಮಲಗಿದ ಬಾತು ಒಂದು ಕಣ್ಣು ತೆರೆದೇ ನಿದ್ರಿಸುವುದು ಹೆಚ್ಚು ಎಂದು 1999ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಆದರೆ ನಮ್ಮ ತೋಟದ ಕೆರೆ ವಿಶಾಲವಾದ ಸರೋವರವಲ್ಲ. ಮೇಯಲು, ಮೊಟ್ಟೆಯಿಡಲು ಬಾತು ದಡಕ್ಕೆ ಬರಲೇಬೇಕು. ಅಲ್ಲಿ ನರಿ, ಕಾಡುಬೆಕ್ಕು, ಪುನುಗುಬೆಕ್ಕು, ಊರನಾಯಿ ಎಲ್ಲವೂ ಕಾದಿರುತ್ತವೆ. ಆದುದರಿಂದ ಗೂಡು ಸೇರುವುದನ್ನು ಬಾತಿಗೆ ನಾವೇ ಕಲಿಸಬೇಕು.

ಮೊದಲು ಗೂಡು, ಆಮೇಲೆ ಬಾತು. ಒಂದು ಬಾತಿಗೆ ಮೂರು ನಾಲ್ಕು ಚದರಡಿ ನೆಲ ಸಾಕು. ಕೋಳಿಯಂತೆ ಅಟ್ಟಣೆ ಬೇಡ. ನೆಲಮಟ್ಟದಲ್ಲೇ ಇರಲಿ, ಆದರೆ ಮಳೆನೀರು ನುಗ್ಗದಷ್ಟು ಎತ್ತರವಿರಲಿ. ಒಣಗಿದ ಉಮಿ ಹಾಸಿರಿ. ಬೂಷ್ಟು ಹಿಡಿದದ್ದು ಬೇಡವೇ ಬೇಡ. ಬಾತುಗಳು ಗುಂಪಾಗಿ ನುಗ್ಗುವುದರಿಂದ ಬಾಗಿಲು ಅಗಲವಾಗಿರಬೇಕು. ಅಡಿಕೆ ದಬ್ಬೆಯ ಗೋಡೆಯಾದರೆ ಒಳಗಿನಿಂದ ಅರ್ಧ ಅಂಗುಲ ಕಣ್ಣಿನ ಗಟ್ಟಿ ತಂತಿಬಲೆ ಹೊಡೆಯಿರಿ. ಗಾಳಿ ಆಡಲೇಬೇಕು.

ಹೊಸದಾಗಿ ತಂದ ಬಾತನ್ನು ಮೊದಲ ಒಂದೆರಡು ವಾರ ಗೂಡಿನಲ್ಲಿ, ಅದಕ್ಕೆ ತಾಗಿದ ಸಣ್ಣ ಆವರಣದಲ್ಲಿ ಮಾತ್ರ ಇಡಿರಿ. ಕೆರೆಗೆ ಬಿಡತೊಡಗಿದ ಮೇಲೆ ಸಂಜೆಯ ತೌಡು, ನುಚ್ಚು ಗೂಡಿನೊಳಗೇ ಸಿಗಬೇಕು, ಕೆರೆ ದಡದಲ್ಲಿ ಒಂದು ಕಾಳೂ ಬೇಡ. ಮೂಗಿನ ಹೊಳ್ಳೆ ಮುಳುಗುವಷ್ಟು ಆಳದ ನೀರಿನ ಪಾತ್ರೆ ಪಕ್ಕದಲ್ಲಿರಲಿ. ನೀರಿಲ್ಲದೆ ಬಾತು ನುಂಗಲಾರದು. ಹೊತ್ತು ಮುಳುಗಲು ಅರ್ಧ ಗಂಟೆ ಇರುವಾಗ, ದಿನವೂ ಅದೇ ಕರೆ, ಅದೇ ಡಬ್ಬದ ಸದ್ದು. ನೆರಳು ದಟ್ಟವಾದ ತೋಟದಲ್ಲಿ ಇನ್ನೂ ಮುಂಚೆ. ಬಾರದಿದ್ದರೆ ಇಬ್ಬರು ಉದ್ದನೆಯ ಕೋಲು ಅಡ್ಡ ಹಿಡಿದು ನಿಧಾನವಾಗಿ ಹಿಂದಿನಿಂದ ನಡೆಸಿರಿ. ಕಲ್ಲೆಸೆಯಬೇಡಿರಿ, ಅಟ್ಟಾಡಿಸಬೇಡಿರಿ, ಕಾಲು ಹಿಡಿದು ಎತ್ತಬೇಡಿರಿ. ಬಾತಿನ ಕಾಲು ಬಲು ಸೂಕ್ಷ್ಮ. ಕತ್ತಲ ಗೂಡಿಗೆ ಹೆದರಿದರೆ ಸ್ವಲ್ಪ ದಿನ ಒಳಗೊಂದು ಸಣ್ಣ ದೀಪವಿಡಿರಿ. ಕೆರೆಯಿಂದ ಏಳದ ಹಟಮಾರಿಗಳಿದ್ದರೆ ಸಂಜೆ ನಾಲ್ಕಕ್ಕೇ ಕೆರೆಯ ದಾರಿಗೆ ದಬ್ಬೆಯ ತಡಿಕೆ ಅಡ್ಡವಿಡುವುದು ಲೇಸು.

ಆಳೇ ಸಿಗದ ಈ ಕಾಲದಲ್ಲಿ ಬಾತಿನ ಹಿಂದೆ ಓಡಲು ಪುರುಸೊತ್ತೆಲ್ಲಿ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವೇ. ಆದರೆ ಈ ಶ್ರಮ ಕೆಲವು ವಾರಗಳದ್ದು. ಅಭ್ಯಾಸವಾದ ಮೇಲೆ ಬಾಗಿಲು ಹಾಕುವಷ್ಟೇ ಕೆಲಸ. ಲಾಭವೂ ಇದೆ. ಬಾತು ಮೊಟ್ಟೆಯಿಡುವುದು ಬಹುಪಾಲು ಬೆಳಿಗ್ಗೆ ಒಂಬತ್ತರೊಳಗೆ. ಅಲ್ಲಿಯವರೆಗೆ ಮುಚ್ಚಿಟ್ಟರೆ ಕೆರೆಗೂ ಪೊದೆಗೂ ಹೋಗುತ್ತಿದ್ದ ಮೊಟ್ಟೆ ಮನೆಗೆ ಬರುತ್ತದೆ.

ಇನ್ನು ಉರುಲು, ವಿಷದ ಮಾತು. ನರಿ, ಕಾಡುಬೆಕ್ಕು, ಪುನುಗುಬೆಕ್ಕುಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ. ಅವನ್ನು ಕೊಲ್ಲುವುದು ಅಪರಾಧ. ಕಾನೂನು ಹಾಗಿರಲಿ, ಉರುಲಿಗೆ ಕಣ್ಣಿಲ್ಲ. ಅದಕ್ಕೆ ನಮ್ಮ ನಾಯಿ, ನೆರೆಯವರ ಕರು, ಚಿರತೆ ಎಲ್ಲವೂ ಒಂದೇ. ವಿಷ ತಿಂದು ಸತ್ತ ಪ್ರಾಣಿಯನ್ನು ತಿಂದದ್ದೂ ಸಾಯಬಹುದು. ತೋಟದ ಇಲಿಗಳನ್ನು ಹತೋಟಿಯಲ್ಲಿಡುವುದರಲ್ಲಿ ಈ ನರಿ, ಬೆಕ್ಕುಗಳ ಪಾಲೂ ಇದೆ. ಒಂದು ಬಾತಿನ ಸೇಡಿಗೆ ಸಂಬಳವಿಲ್ಲದ ಕಾವಲುಗಾರನನ್ನು ಕಳೆದುಕೊಳ್ಳುವುದು ಯಾವ ಲೆಕ್ಕಾಚಾರ?

ಹಸಿದ ಪ್ರಾಣಿ ತೆರೆದ ಬಾಗಿಲನ್ನು ಬಿಟ್ಟು ಹೋಗುವುದಿಲ್ಲ. ಅದಕ್ಕೆ ಬುದ್ಧಿ ಹೇಳುವುದು ನಮ್ಮಿಂದಾಗದು; ಅಗುಳಿ ಹಾಕುವುದು ಆಗುತ್ತದೆ. ಸಂಜೆ ಹೊತ್ತಿಗೆ ಸರಿಯಾಗಿ ಬಾಗಿಲು ಹಾಕಲು ಮನೆಯಲ್ಲಿ ಒಬ್ಬರೂ ಇಲ್ಲವೆಂದಾದರೆ ಬಾತು ಸಾಕದಿರುವುದೇ ಮೇಲು ಎಂಬುದು ನಮ್ಮ ಅಭಿಪ್ರಾಯ. ಬೆಳೆಗಾರ ಬಂಧುಗಳು ಈ ಮಳೆಗಾಲಕ್ಕೆ ಮುನ್ನವೇ ಗೂಡಿನ ಕೆಲಸ ಮುಗಿಸಲಿ.