ಮೊದಲು ಕಾಲು, ಆಮೇಲೆ ಬೂಟು

ಪರಸ್ಥಳದಲ್ಲಿ ನೆಲೆಸಿದ ಕನ್ನಡಿಗನು ನಲವತ್ತು ದಾಟುವ ಹೊತ್ತಿಗೆ ವೈದ್ಯರ ಬಾಯಿಂದ ಒಂದು ಮಾತನ್ನು ತಪ್ಪದೆ ಕೇಳುತ್ತಾನೆ: ಮೈಗೆ ಕೆಲಸ ಕೊಡಬೇಕು. ಊರಿನಲ್ಲಿ ತಂದೆಯ ಕಾಲುಗಳು ಹೊಲದ ಬದುವಿನ ಮೇಲೆ ಸವೆದಿದ್ದವು. ಮಗನ ಕಾಲುಗಳು ಲೋಕಲ್ ರೈಲು, ಲಿಫ್ಟು, ಕುರ್ಚಿಗಳ ನಡುವೆ ಸುಮ್ಮನೆ ಕುಳಿತಿರುತ್ತವೆ. ರಕ್ತದಲ್ಲಿ ಸಕ್ಕರೆಯ ಅಂಶ ಏರಿದೆಯೆಂಬ ವರದಿ ಕೈಗೆ ಬಂದ ದಿನ ಅವನು ಹೆದರುತ್ತಾನೆ. ಹೆದರಿದವನು ಮೊದಲು ಮಾಡುವ ಕೆಲಸವೆಂದರೆ ಅಂಗಡಿಗೆ ಹೋಗಿ ಬೆಲೆಬಾಳುವ ಓಟದ ಬೂಟುಗಳನ್ನು ಕೊಳ್ಳುವುದು. ಮರುದಿನವೇ ಮೂರು ಕಿಲೋಮೀಟರು ಓಡುತ್ತಾನೆ. ಮೂರನೆಯ ವಾರ ಮೊಣಕಾಲ ಕೆಳಗಿನ ಎಲುಬಿನಲ್ಲಿ ನೋವು ಹುಟ್ಟುತ್ತದೆ. ಆರನೆಯ ವಾರ ಆ ಬೂಟುಗಳು ತರಕಾರಿ ಪೇಟೆಗೆ ಮೀಸಲಾಗುತ್ತವೆ. ಬೂಟಿನ ಹಣ ಹೋದದ್ದು ಸಣ್ಣ ನಷ್ಟ. ಓಟವೆಂಬುದು ತನ್ನ ಹಣೆಯಲ್ಲಿ ಬರೆದಿಲ್ಲವೆಂಬ ನಿರಾಶೆ ಮನಸ್ಸಿನಲ್ಲಿ ಬೇರೂರುವುದೇ ದೊಡ್ಡ ನಷ್ಟ.

ಈ ಮಾತು ಮಹಾನಗರಕ್ಕೆ ಮಾತ್ರ ಸಲ್ಲುವಂಥದಲ್ಲ. ಛತ್ರಪತಿ ಸಂಭಾಜಿನಗರದಿಂದ ಪೈಠಣಕ್ಕೆ ಹೋಗುವ ದಾರಿಯಲ್ಲಿ ಬಿಡಕಿನ್ ಎಂಬ ಊರಿದೆ. ದೆಹಲಿ–ಮುಂಬಯಿ ಔದ್ಯಮಿಕ ಕಾರಿಡಾರಿನ ಅಂಗವಾಗಿ ಅಲ್ಲಿ ಹೊಸ ಕೈಗಾರಿಕಾ ನಗರವೊಂದು ತಲೆಯೆತ್ತುತ್ತಿದೆ. ಕನ್ನಡಿಗರಿಗೆ ಆ ಸೀಮೆ ಅಪರಿಚಿತವಲ್ಲ: ರಾಷ್ಟ್ರಕೂಟ ಒಂದನೆಯ ಕೃಷ್ಣನ ಕಾಲದ ಕೈಲಾಸ ದೇವಾಲಯವಿರುವ ಎಲ್ಲೋರ ಅದೇ ಜಿಲ್ಲೆಯದು, ‘ಕವಿರಾಜಮಾರ್ಗ’ವು ಕನ್ನಡ ನಾಡಿನ ಎಲ್ಲೆಯೆಂದು ಹೆಸರಿಸಿದ ಗೋದಾವರಿ ಹರಿಯುವುದು ಪೈಠಣದ ಪಕ್ಕದಲ್ಲಿಯೇ. ಇಂದು ಅಲ್ಲಿ ಎರೆಮಣ್ಣಿನ ಹೊಲಗಳಿದ್ದೆಡೆ ಅಗಲವಾದ ನೇರ ರಸ್ತೆಗಳು ಬಂದಿವೆ. ಪಾಳಿಯ ಕೆಲಸ ಮುಗಿಸಿದ ತರುಣನಿಗೆ ಅಂಥ ರಸ್ತೆಯನ್ನು ಕಂಡೊಡನೆ ಓಡುವ ಹುಮ್ಮಸ್ಸು ಬರುವುದು ಸಹಜ. ಆದರೆ ಗಟ್ಟಿಯಾದ ರಸ್ತೆ, ಮರಾಠವಾಡೆಯ ಬಿಸಿಲು, ನಿದ್ದೆಗೆಟ್ಟ ಮೈ, ಇವು ಮೂರೂ ಕೂಡಿದಾಗ ಹುಮ್ಮಸ್ಸೊಂದೇ ಸಾಲದು.

ಬೂಟುಗಳೇ ಬೇಡ, ಬರಿಗಾಲೇ ಲೇಸು ಎಂದು ವಾದಿಸುವವರೂ ಉಂಟು. ನಾಸಿಕ ಜಿಲ್ಲೆಯ ಸಾವರಪಾಡಾ ಎಂಬ ಆದಿವಾಸಿ ಹಳ್ಳಿಯ ಕವಿತಾ ರಾವುತ್ ಮೊದಮೊದಲು ಬರಿಗಾಲಿನಲ್ಲಿ ಓಡಿ ಬೆಳೆದವರು. ೨೦೧೦ರ ದೆಹಲಿಯ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ೧೦,೦೦೦ ಮೀಟರ್ ಓಟದ ಕಂಚಿನ ಪದಕವನ್ನು ಗೆದ್ದರು. ಇಥಿಯೋಪಿಯದ ಅಬೆಬೆ ಬಿಕಿಲಾ ೧೯೬೦ರಲ್ಲಿ ರೋಮಿನ ಒಲಿಂಪಿಕ್ ಮ್ಯಾರಥಾನನ್ನು ಬರಿಗಾಲಿನಲ್ಲಿ ಗೆದ್ದನು. ೧೯೬೪ರಲ್ಲಿ ಟೋಕಿಯೋದಲ್ಲಿ ಬೂಟು ತೊಟ್ಟು ಗೆದ್ದನು. ಗೆದ್ದದ್ದು ಎರಡು ಸಲವೂ ಅದೇ ಕಾಲು. ಬಾಲ್ಯದಿಂದ ಮಣ್ಣಿನ ಮೇಲೆ ಪಳಗಿದ ಆ ಕಾಲುಗಳನ್ನೂ, ಇಪ್ಪತ್ತು ವರ್ಷ ಮೇಜಿನ ಕೆಳಗೆ ಮಡಿಸಿಟ್ಟ ಕಾಲುಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಹೊಸದಾಗಿ ಓಡುವವನಿಗೆ ಬೂಟು ಬೇಕು. ಆದರೆ ಅದರಿಂದ ಪವಾಡವನ್ನು ನಿರೀಕ್ಷಿಸಬಾರದು.

ಪಾದದ ಕಮಾನನ್ನು ಅಳೆದು ಅದಕ್ಕೊಪ್ಪುವ ವಿಶೇಷ ಬೂಟು ಕೊಟ್ಟರೆ ಗಾಯಗಳು ತಪ್ಪುತ್ತವೆಂದು ಬಹುಕಾಲ ನಂಬಲಾಗಿತ್ತು. ಅಮೆರಿಕೆಯ ಸೈನ್ಯದ ಹೊಸ ಭರ್ತಿಗಳ ಮೇಲೆ ಇದನ್ನು ಪರೀಕ್ಷಿಸಿ ೨೦೦೯–೧೦ರಲ್ಲಿ ಪ್ರಕಟಿಸಿದ ಫಲಿತಾಂಶಗಳಲ್ಲಿ ಹಾಗೆ ಆರಿಸಿ ಕೊಟ್ಟದ್ದರಿಂದ ಹೇಳಿಕೊಳ್ಳುವಂಥ ಪ್ರಯೋಜನ ಕಾಣಲಿಲ್ಲ. ಆದಕಾರಣ ಬೆಲೆಯ ಚೀಟಿಗಿಂತ ಕಾಲಿನ ಸಾಕ್ಷಿಯೇ ಮೇಲು. ಪಾದಗಳು ದಿನವಿಡೀ ತುಸು ಊದುವುದರಿಂದ ಸಂಜೆಯ ಹೊತ್ತು ಅಂಗಡಿಗೆ ಹೋಗುವುದು ಒಳ್ಳೆಯದು. ಓಡುವಾಗ ತೊಡುವ ಕಾಲುಚೀಲವನ್ನೇ ತೊಟ್ಟು, ಎರಡೂ ಕಾಲಿಗೆ ಹಾಕಿ ನಿಂತು ನೋಡಬೇಕು. ಉದ್ದನೆಯ ಬೆರಳಿನ ಮುಂದೆ ಹೆಬ್ಬೆರಳಿನಗಲ ಜಾಗವಿರಬೇಕು. ಬೆರಳುಗಳು ಒತ್ತಿಕೊಳ್ಳಬಾರದು, ಹಿಮ್ಮಡಿ ಜಾರಬಾರದು. ಅಂಗಡಿಯಲ್ಲಿಯೇ ನಾಲ್ಕು ಹೆಜ್ಜೆ ಓಡಿ ನೋಡುವುದಕ್ಕೆ ನಾಚಬೇಕಾಗಿಲ್ಲ. ‘ಬಳಸಿದ ಮೇಲೆ ಸಡಿಲವಾಗುತ್ತದೆ’ ಎಂಬ ಮಾರಾಟಗಾರನ ಆಶ್ವಾಸನೆಯನ್ನು ನಂಬಬಾರದು. ತೊಟ್ಟ ಕ್ಷಣದಲ್ಲಿಯೇ ಹಿತವಾಗಿರುವುದೇ ತಕ್ಕ ಬೂಟು. ಮಗನು ಬಿಟ್ಟ ಹಳೆಯ ಬೂಟುಗಳನ್ನು ತಾಯಿ ತೊಟ್ಟು ಹೊರಡುವ ಮಿತವ್ಯಯವೂ ಸಲ್ಲದು. ಆಕೆಯ ಪಾದದ ಅಳತೆಯೇ ಬೇರೆ.

ಬೂಟು ಕೊಳ್ಳುವುದು ಒಂದು ಸಂಜೆಯ ಕೆಲಸ. ಕಾಲನ್ನು ಹದಗೊಳಿಸುವುದು ತಿಂಗಳುಗಳ ಕೆಲಸ. ಹೃದಯ, ಶ್ವಾಸಕೋಶಗಳು ಕೆಲವೇ ವಾರಗಳಲ್ಲಿ ಹೊಸ ಶ್ರಮಕ್ಕೆ ಒಗ್ಗುತ್ತವೆ. ಎಲುಬು ಮತ್ತು ಸ್ನಾಯುಬಂಧಗಳು ಅಷ್ಟು ಬೇಗ ಒಗ್ಗುವುದಿಲ್ಲ. ಉಸಿರು ‘ಇನ್ನೂ ಓಡು’ ಎನ್ನುವಾಗಲೇ ಎಲುಬು ಗಾಯಗೊಳ್ಳುವುದು ಈ ಅಂತರದಿಂದಲೇ. ನಿಲ್ಲದೆ ಅರ್ಧ ಗಂಟೆ ನಡೆಯಬಲ್ಲವನು ಓಟಕ್ಕೆ ತೊಡಗಬಹುದು. ಐದು ನಿಮಿಷ ನಡಿಗೆ. ಬಳಿಕ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ. ಹೀಗೆ ಒಟ್ಟು ಇಪ್ಪತ್ತು ನಿಮಿಷ. ವಾರಕ್ಕೆ ಮೂರು ದಿನ ಸಾಕು, ನಡುವಿನ ದಿನ ವಿಶ್ರಾಂತಿ. ಓಡುತ್ತಲೇ ಜೊತೆಗಾರನೊಡನೆ ಒಂದು ಪೂರ್ಣ ವಾಕ್ಯ ಆಡಲು ಆಗಬೇಕು. ಆಗದಿದ್ದರೆ ವೇಗ ಹೆಚ್ಚಾಯಿತೆಂದೇ ಅರ್ಥ. ಓಟದ ಪಾಲನ್ನು ವಾರವಾರವೂ ತುಸು ತುಸುವಾಗಿ ಹೆಚ್ಚಿಸಿದರೆ ಎರಡು–ಮೂರು ತಿಂಗಳಲ್ಲಿ ಇಪ್ಪತ್ತು ನಿಮಿಷ ನಿಲ್ಲದೆ ಓಡುವುದು ಬಹಳ ಮಂದಿಗೆ ಸಾಧ್ಯ. ಮಾಂಸಖಂಡಗಳ ಸಾಧಾರಣ ನೋವು ಎರಡು–ಮೂರು ದಿನಗಳಲ್ಲಿ ಇಳಿಯುತ್ತದೆ. ಎಲುಬಿನ ಒಂದೇ ಬಿಂದುವಿನಲ್ಲಿ ಕುಳಿತು ಓಡಿದಷ್ಟೂ ಹೆಚ್ಚುವ ನೋವಾದರೆ ಓಟ ನಿಲ್ಲಿಸಿ ವೈದ್ಯರನ್ನು ಕಾಣಬೇಕು.

ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದಯದ ತೊಂದರೆ ಇದ್ದವರು ವೈದ್ಯರನ್ನು ಕೇಳಿಯೇ ತೊಡಗಬೇಕು. ಹಳೆಯ ಸಕ್ಕರೆ ಕಾಯಿಲೆಯಿಂದ ಪಾದಗಳ ಸ್ಪರ್ಶಜ್ಞಾನ ಕುಂದಿರಬಹುದು. ಅಂಥವರಿಗೆ ಬರಿಗಾಲ ಓಟ ಅಪಾಯಕರ. ಬೂಟಿನೊಳಗಿನ ಒಂದು ಸಣ್ಣ ಹರಳು ಕೂಡ ಅರಿವಿಲ್ಲದೆ ಹುಣ್ಣಾಗಬಹುದಾದ್ದರಿಂದ ತೊಡುವ ಮುನ್ನ ಬೂಟನ್ನೂ, ಕಳಚಿದ ಮೇಲೆ ಪಾದವನ್ನೂ ನೋಡುವುದು ಅವಶ್ಯ. ಎದೆಯಲ್ಲಿ ನೋವೋ ಒತ್ತಡವೋ ಕಂಡರೆ, ತಲೆ ಸುತ್ತಿದರೆ ತಕ್ಷಣ ನಿಂತು ಚಿಕಿತ್ಸೆಗೆ ಹೋಗತಕ್ಕದ್ದು. ಬೇಸಿಗೆಯಲ್ಲಿ ಸೂರ್ಯೋದಯಕ್ಕೆ ಮೊದಲೇ ಓಟ ಮುಗಿಯಲಿ. ರಾತ್ರಿ ಪಾಳಿ ಮುಗಿಸಿದವನಿಗೆ ಆ ಬೆಳಿಗ್ಗೆ ಓಟಕ್ಕಿಂತ ನಿದ್ದೆಯೇ ಔಷಧ.

ಇಲ್ಲಿ ಸಂಘಸಂಸ್ಥೆಗಳಿಗೂ ಒಂದು ಹೊಣೆಯುಂಟು. ವರ್ಷಕ್ಕೊಮ್ಮೆ ಓಟದ ಸ್ಪರ್ಧೆ ನಡೆಸಿ ಮೊದಲು ಬಂದವನಿಗೆ ಬಟ್ಟಲು ಕೊಡುವುದರಿಂದ, ಓಡಲು ಬಲ್ಲವನೇ ಮತ್ತೊಮ್ಮೆ ಓಡಿದಂತಾಯಿತು. ಅದರ ಬದಲು ವಾರಕ್ಕೆ ಮೂರು ಮುಂಜಾನೆ ಹತ್ತು ಮಂದಿ ಕೂಡಿ ನಡೆದು ಓಡುವ ಏರ್ಪಾಡಾದರೆ, ಒಂಟಿಯಾಗಿ ಬೀದಿಗಿಳಿಯಲು ಸಂಕೋಚಪಡುವ ಗೃಹಿಣಿಗೂ, ಹೊಸ ಊರಿನಲ್ಲಿ ಮಾತಿಗೆ ಹಂಬಲಿಸುವ ತರುಣನಿಗೂ ದಾರಿಯಾದೀತು. ಕನ್ನಡದಲ್ಲಿ ಮಾತನಾಡುತ್ತ ಓಡುವವರು ಅತಿವೇಗದಲ್ಲಿ ಓಡಲಾರರು. ಹೊಸಬರಿಗೆ ಬೇಕಾದದ್ದೂ ಆ ನಿಧಾನವೇ.