ಸಂಘದ ಪುಸ್ತಕ ಯಾರ ಕೈಯಲ್ಲಿದೆ?

ಯಾವ ಹಳ್ಳಿಗೆ ಹೋದರೂ ಈಗ 'ಸಂಘ' ಎಂಬ ಮಾತು ಕಿವಿಗೆ ಬೀಳುತ್ತದೆ. "ಸಂಘದಲ್ಲಿ ಸಾಲ ತೆಗೆದು ಮಗಳ ಔಷಧಕ್ಕೆ ಕಟ್ಟಿದೆವು" ಎನ್ನುವವರುಂಟು. "ಸಂಘದವರ ಕಾಟಕ್ಕೆ ಮನೆಗೆ ಬೀಗ ಹಾಕಿದೆವು" ಎನ್ನುವವರೂ ಉಂಟು. ಹೆಸರು ಒಂದೇ ಆದರೂ ಇವೆರಡು ಒಂದೇ ಸಂಘವಲ್ಲ. 2025ರ ಫೆಬ್ರವರಿಯಲ್ಲಿ ಸಾಲ ವಸೂಲಿಯ ಕಿರುಕುಳ ತಡೆಯಲು ರಾಜ್ಯ ಸರ್ಕಾರ ಸುಗ್ರೀವಾಜ್ಞೆ ಹೊರಡಿಸಬೇಕಾಗಿ ಬಂದ ಮೇಲಂತೂ, ಗಿರಣಿಯ ಬಾಗಿಲಲ್ಲೂ ಸಂತೆಯಲ್ಲೂ "ಈ ಸಂಘಗಳ ಸಹವಾಸವೇ ಬೇಡ" ಎನ್ನುವವರು ಹೆಚ್ಚಿದ್ದಾರೆ. ಅವರ ಸಿಟ್ಟು ನ್ಯಾಯವಾದದ್ದು. ತೀರ್ಮಾನ ಮಾತ್ರ ತಪ್ಪು ಎಂದು ನಾವು ಹೇಳಬೇಕಾಗಿದೆ.

ಸಹಕಾರ ನಮ್ಮ ನಾಡಿಗೆ ಹೊಸದಲ್ಲ. ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಕೃಷಿ ಸಹಕಾರ ಸಂಘ ಕಟ್ಟಿದ್ದು 1905ರಲ್ಲಿ. ಆಮೇಲೆ ಊರೂರಿಗೆ ಸಂಘಗಳು ಬಂದವು. ಅವುಗಳ ಜೊತೆಗೆ ಅಧ್ಯಕ್ಷರ ಕುರ್ಚಿಯೂ ಬಂತು, ಕುರ್ಚಿಯ ಮೇಲೆ ಊರ ದೊಡ್ಡವರು ಬಂದು ಕೂತರು. ಮುಂದಿನ ಕಥೆಯನ್ನು ಓದುಗರಿಗೆ ನಾವು ಹೇಳಬೇಕಾದದ್ದಿಲ್ಲ.

ಮೈರಾಡ ಎಂಬ ಸಂಸ್ಥೆ ಇದೇ ಪಾಠವನ್ನು ಕಷ್ಟಪಟ್ಟು ಕಲಿತದ್ದು. 1968ರಲ್ಲಿ ಬೆಂಗಳೂರಿನಲ್ಲಿ ಅದು ಹುಟ್ಟಿದ್ದು ಟಿಬೆಟಿನಿಂದ ಬಂದ ನಿರಾಶ್ರಿತರಿಗೆ ನೆಲೆ ಕಲ್ಪಿಸುವುದಕ್ಕಾಗಿ. ಆಮೇಲೆ ಬಡ ಹಳ್ಳಿಗಳ ಕಡೆ ತಿರುಗಿತು, ಅಲ್ಲಿಯೂ ದೊಡ್ಡ ಸಹಕಾರ ಸಂಘಗಳನ್ನೇ ನಂಬಿತು. 1984-85ರ ಸುಮಾರಿಗೆ ಅವುಗಳಲ್ಲಿ ಕೆಲವು ಒಡೆದವು. ಆಗ ಕೆಲವು ಸದಸ್ಯರು ಸಂಸ್ಥೆಯ ಮುಂದೆ ಬಂದು, ಸಾಲ ತೀರಿಸುತ್ತೇವೆ, ಆದರೆ ಆ ದೊಡ್ಡ ಸಂಘಕ್ಕೆ ಕಟ್ಟುವುದಿಲ್ಲ, ಅದರ ಮೇಲೆ ನಮಗೆ ನಂಬಿಕೆಯಿಲ್ಲ ಎಂದರು. ಹಾಗಾದರೆ ನಿಮಗೆ ನೀವೇ ಕಟ್ಟಿಕೊಳ್ಳಿ ಎಂದಿತು ಸಂಸ್ಥೆ. ಒಬ್ಬರನ್ನೊಬ್ಬರು ಬಲ್ಲ ಹದಿನೈದು ಇಪ್ಪತ್ತು ಜನ ಬೇರೆ ಬೇರೆಯಾಗಿ ಕೂತರು. ಯಾರು ಯಾರ ಜೊತೆ ಕೂರಬೇಕೆಂಬುದನ್ನು ಅಧಿಕಾರಿಗಳು ಗೊತ್ತು ಮಾಡಲಿಲ್ಲ, ಜನರೇ ಗೊತ್ತು ಮಾಡಿಕೊಂಡರು. ಸ್ವಸಹಾಯ ಸಂಘಗಳೆಂದು ನಾವಿಂದು ಕರೆಯುವುದರ ಒಂದು ಮೂಲ ಇಲ್ಲಿದೆ.

ಇದರ ಲೆಕ್ಕವನ್ನು ಕೈಬೆರಳಲ್ಲೇ ಎಣಿಸಬಹುದು. ಹಿಂದೆ ಮೇಷ್ಟರಾಗಿದ್ದ ಚಟ, ಓದುಗರು ಕ್ಷಮಿಸಬೇಕು. ಇಪ್ಪತ್ತು ಜನ ವಾರಕ್ಕೆ ತಲಾ 10 ರೂಪಾಯಿ ಹಾಕಿದರೆ ವರ್ಷಕ್ಕೆ 10,400 ರೂಪಾಯಿ ಕೂಡುತ್ತದೆ. ಅದರಲ್ಲಿ ಒಬ್ಬಳು 5,000 ರೂಪಾಯಿಯನ್ನು ನೂರಕ್ಕೆ ತಿಂಗಳಿಗೆ 2 ರೂಪಾಯಿಯ ಬಡ್ಡಿಗೆ ತೆಗೆದಳೆನ್ನಿ. ತಿಂಗಳ ಬಡ್ಡಿ 100 ರೂಪಾಯಿ. ಅದೇ ಸಾಲವನ್ನು ನೂರಕ್ಕೆ 10ರ ಬಡ್ಡಿಗೆ ಲೇವಾದೇವಿಗಾರನಲ್ಲಿ ತಂದರೆ 500 ರೂಪಾಯಿ. ಇನ್ನೊಂದು ವ್ಯತ್ಯಾಸವನ್ನೂ ನೋಡಬೇಕು: ಆ 500 ಸಾಹುಕಾರನ ತಿಜೋರಿಗೆ ಹೋಗುತ್ತದೆ, ಈ 100 ತಿರುಗಿ ಆ ಇಪ್ಪತ್ತು ಜನರ ಗಂಟಿಗೇ ಸೇರುತ್ತದೆ. ಹಬ್ಬಕ್ಕೋ ಜ್ವರಕ್ಕೋ ಎಂದು ಕೇಳಿ ಮುಖ ತಿರುಗಿಸುವ ಮ್ಯಾನೇಜರ್ ಅಲ್ಲಿಲ್ಲ. ಕೊಡಬೇಕೋ ಬೇಡವೋ ಎಂಬುದನ್ನು ಅವಳ ಮನೆಯ ಒಲೆಯನ್ನು ಕಂಡವರೇ ತೀರ್ಮಾನಿಸುತ್ತಾರೆ.

ಹಣಕ್ಕಿಂತ ಪುಸ್ತಕ ದೊಡ್ಡದು. ವಾರ ವಾರ ಸಭೆ, ನಡವಳಿಯ ದಾಖಲೆ, ತಡವಾಗಿ ಬಂದವರಿಗೆ ತಾವೇ ಹಾಕಿದ ದಂಡ, ಸರದಿಯ ಮೇಲೆ ಮುಂದಾಳುತನ: ಮೈರಾಡದ ಕಾರ್ಯಕರ್ತರು ಮುಖ್ಯವಾಗಿ ಕಲಿಸಿದ್ದು ಇದನ್ನೇ. 1987ರಲ್ಲಿ ನಬಾರ್ಡ್ ಈ ಗುಂಪುಗಳ ಉಳಿತಾಯಕ್ಕೆ ಸರಿಗಟ್ಟಲು 10 ಲಕ್ಷ ರೂಪಾಯಿ ಕೊಟ್ಟಿತು. 1992ರಲ್ಲಿ ಬ್ಯಾಂಕುಗಳ ಜೊತೆ ಗುಂಪುಗಳನ್ನು ಜೋಡಿಸುವ ಯೋಜನೆ ದೇಶಕ್ಕೇ ಬಂತು. ನೋಂದಣಿಯಿಲ್ಲದ ಗುಂಪಿಗೂ ಸಾಲ, ಅಡವಿಲ್ಲದೆ ಸಾಲ, ಒಬ್ಬೊಬ್ಬರಿಗೆ ಏತಕ್ಕೆಂದು ಬ್ಯಾಂಕು ಕೇಳದೆ ಇಡೀ ಗುಂಪಿಗೆ ಸಾಲ. ಸಾಲ ತೀರಿಸುವಾಗ ಎದ್ದು ನಿಂತು ಮಾತಾಡಿದ ಹಳ್ಳಿಗರಿಂದ ಹೊರಟ ದಾರಿ ರಿಸರ್ವ್ ಬ್ಯಾಂಕಿನ ನಿಯಮವನ್ನೇ ಬದಲಿಸಿತು. ಇದನ್ನು ಸಣ್ಣ ಮಾತೆಂದು ನಾವು ಎಣಿಸುವುದಿಲ್ಲ.

ಹೊರಗಿನಿಂದ ಬಂದ ಸಂಸ್ಥೆಯನ್ನು ಅಳೆಯಲು ನಮ್ಮಲ್ಲಿರುವ ಗಜಕಡ್ಡಿ ಒಂದೇ: ಅದು ಎದ್ದು ಹೋಗಬಲ್ಲದೇ? ಮೈರಾಡ ಅದಕ್ಕೂ ಒಂದು ದಾರಿ ಹುಡುಕಿತು. ನೂರರಷ್ಟು ಸಂಘಗಳು ಸೇರಿ ತಮ್ಮದೇ ಸಂಪನ್ಮೂಲ ಕೇಂದ್ರ ನಡೆಸುವುದು, ಅದರ ಖರ್ಚಿಗೆ ಸದಸ್ಯ ಸಂಘಗಳೇ ಶುಲ್ಕ ಕೊಡುವುದು. ದುಡ್ಡು ಕೊಟ್ಟವಳು ಲೆಕ್ಕ ಕೇಳುತ್ತಾಳೆ. ಪುಕ್ಕಟೆ ಪಡೆದವಳು ಕೈಮುಗಿಯುತ್ತಾಳೆ.

ಇನ್ನು ಕೇಡಿನ ಕಥೆ. ಸಂಘಗಳು ಯಶಸ್ವಿಯಾದವೆಂದು ಕಂಡೊಡನೆ ಸರ್ಕಾರಗಳು ಸಂಖ್ಯೆಯ ಹಿಂದೆ ಬಿದ್ದವು. ಗುರಿ ಮುಟ್ಟಿಸುವ ಅವಸರದಲ್ಲಿ ಜೊತೆಗೂಡಬಲ್ಲವರು ಯಾರೆಂಬ ಪ್ರಶ್ನೆ ಹಿಂದೆ ಬಿತ್ತು. ಅವುಗಳ ಬೆನ್ನಿಗೆ ಲಾಭದ ಕಂಪನಿಗಳು ಬಂದವು. ಇವರೂ ಐದೋ ಹತ್ತೋ ಹೆಂಗಸರನ್ನು ಕೂರಿಸಿ ಗುಂಪೆಂದರು. ಆ ಗುಂಪಿಗೆ ಸ್ವಂತ ಗಂಟಿಲ್ಲ, ಬಡ್ಡಿ ಗೊತ್ತು ಮಾಡುವ ಅಧಿಕಾರವಿಲ್ಲ, ಪುಸ್ತಕ ಕಂಪನಿಯ ಕಚೇರಿಯಲ್ಲಿ. ಒಬ್ಬಳು ಕಂತು ತಪ್ಪಿಸಿದರೆ ಉಳಿದವರು ಕಟ್ಟಬೇಕು. ನೆರೆಯವಳೇ ವಸೂಲಿಯ ಆಳಾಗಬೇಕು. 2010ರಲ್ಲಿ ಆಂಧ್ರಪ್ರದೇಶ ಇದರ ಫಲ ಉಂಡಿತು. ಹದಿನೈದು ವರ್ಷ ಕಳೆದ ಮೇಲೆ ಸರದಿ ನಮ್ಮದಾಯಿತು.

ಸಂಘದಿಂದ ಎಲ್ಲವೂ ಆಗುತ್ತದೆಂದು ನಾವು ಹೇಳುತ್ತಿಲ್ಲ. ವಾರದ ಉಳಿತಾಯದಿಂದ ಕೂಲಿ ಏರುವುದಿಲ್ಲ, ಭೂಮಿಯಿಲ್ಲದವನಿಗೆ ಭೂಮಿ ಬರುವುದಿಲ್ಲ. ವಾರಕ್ಕೆ 10 ರೂಪಾಯಿಯನ್ನೂ ಹೊಂದಿಸಲಾಗದವಳು ಸಂಘದ ಹೊರಗೇ ಉಳಿಯುತ್ತಾಳೆ, ಅವಳನ್ನು ಕುರಿತು ವರದಿಗಳು ಮಾತಾಡುವುದಿಲ್ಲ. 'ಸ್ವಾವಲಂಬನೆ' ಎಂದು ಹೊಗಳುತ್ತ ಆಸ್ಪತ್ರೆ, ಶಾಲೆ, ಪಡಿತರದ ಹೊಣೆಯಿಂದ ಕೈ ತೊಳೆದುಕೊಳ್ಳಲು ಸರ್ಕಾರಕ್ಕೆ ಇದೊಂದು ನೆಪವಾಗುವುದಾದರೆ ನಾವು ಬೀದಿಗಿಳಿದು ವಿರೋಧಿಸುತ್ತೇವೆ.

ಆದರೂ ಹಮಾಲರಿಗೆ, ತಳ್ಳುಗಾಡಿಯವರಿಗೆ, ಗಿರಣಿಯ ಬದಲಿ ಕೆಲಸಗಾರರಿಗೆ ನಾವು ಕೇಳುವುದಿಷ್ಟು. ನೀವು ಸಂಘವೆಂದು ಕಟ್ಟುತ್ತಿರುವ ಹಣಕ್ಕೆ ಪುಸ್ತಕವುಂಟೇ? ಅದು ಯಾರ ಮನೆಯಲ್ಲಿದೆ? ಬಡ್ಡಿ ಗೊತ್ತು ಮಾಡಿದವರು ಯಾರು? ಕಳೆದ ಸಭೆಯಲ್ಲಿ ನೀವು ಕೇಳಿದ ಪ್ರಶ್ನೆಯನ್ನು ಬರೆದುಕೊಂಡರೇ? ಒಂದು ಕಾರ್ಡಿನಲ್ಲಿ ಬರೆದು ನಮ್ಮ ಕಚೇರಿಗೆ ಕಳಿಸಿ. ಹೆಸರು ಬೇಡವೆಂದರೆ ಹೆಸರಿಲ್ಲದೆಯೇ ಅಚ್ಚು ಹಾಕುತ್ತೇವೆ.